ಕೈ ಇಟ್ಟರೂ ನಿಲ್ಲದ ಗುಂಯ್

ಬ್ಯಾಂಡಿನವರು ಅವಳನ್ನು ದಪ್ಪತಂತಿ ಎಂದು ಕರೆಯುತ್ತಿದ್ದರು. ಆಳು ನೋಡಿದರೆ ಒಣಕಲು. ಹೆಸರು ಬಂದದ್ದು ಅವಳು ನುಡಿಸುವ ಬೇಸ್ ಗಿಟಾರಿನಿಂದ. ಮಾಮೂಲಿ ಗಿಟಾರಿಗೆ ಆರು ತೆಳು ತಂತಿಯಾದರೆ ಇದಕ್ಕೆ ನಾಲ್ಕೇ, ಆದರೆ ಒಂದೊಂದೂ ಕೈಗೆ ಭಾರವಾಗಿ ಸಿಗುವಂಥವು. ಹಾಡಿನಲ್ಲಿ ಅದು ಇದ್ದಾಗ ಯಾರೂ ಅದರ ಕಡೆ ಕಿವಿ ಕೊಡುವುದಿಲ್ಲ. ನಿಂತುಹೋದರೆ ಮಾತ್ರ ಎಲ್ಲರಿಗೂ ಕಾಲ ಕೆಳಗಿನ ನೆಲ ಜಾರಿದ ಹಾಗಾಗುತ್ತದೆ.

ಅವಳೇನೂ ಅದನ್ನು ಆಸೆಪಟ್ಟು ಆರಿಸಿಕೊಂಡವಳಲ್ಲ. ಕಾಲೇಜಿನಲ್ಲಿ ವಾದ್ಯ ಹಂಚುವ ದಿನ ತಡವಾಗಿ ಹೋದಳು, ಬೇರೆ ಯಾರಿಗೂ ಬೇಡವಾಗಿ ಮೂಲೆಯಲ್ಲಿ ಉಳಿದಿದ್ದು ಅದೊಂದೇ. ಹಾಗೆ ಕೈಗೆ ಬಂದದ್ದು ಏಳು ವರ್ಷ ಕೈ ಬಿಡಲಿಲ್ಲ. ಹೋಟೆಲಿನ ಸಂಜೆಗಳು, ಮದುವೆ ಮಂಟಪಗಳು, ಕಚೇರಿಗಳ ವಾರ್ಷಿಕ ಕೂಟಗಳು. ಬಸುರಿಯಾದ ಏಳನೆಯ ತಿಂಗಳವರೆಗೂ ಬೇಸನ್ನು ಹೊಟ್ಟೆಯ ಪಕ್ಕಕ್ಕೆ ಸರಿಸಿಕೊಂಡು ನುಡಿಸಿದಳು. ಒಳಗಿದ್ದದ್ದು ಆಗಾಗ ಒದ್ದು ತಾಳ ತಪ್ಪಿಸುತ್ತಿತ್ತು.

ಆ ಒದೆಯುತ್ತಿದ್ದ ಜೀವಕ್ಕೆ ಈಗ ಹತ್ತು ತಿಂಗಳು. ಈ ಹತ್ತು ತಿಂಗಳಲ್ಲಿ ಅವಳು ಮೂರನೆಯ ಮಹಡಿಯ ಎರಡು ಕೋಣೆ ಬಿಟ್ಟು ಹೊರಗೆ ಹೋದದ್ದು ಮಗುವಿನ ಡಾಕ್ಟರ ಹತ್ತಿರ, ಅದು ಬಿಟ್ಟರೆ ಕೆಳಗಿನ ಹಾಲಿನ ಅಂಗಡಿಗೆ. ಹಾಲಿನ ಅಂಗಡಿಯಿಂದಲೂ ಓಡಿಬರುತ್ತಿದ್ದಳು. ಮೊದಲಿಂದಲೂ ಸ್ವಲ್ಪ ಪುಕ್ಕಲು ಜೀವ, ತಾಯಿಯಾದ ಮೇಲೆ ಆ ಸ್ವಲ್ಪಕ್ಕೆ ಮಿತಿಯೇ ಉಳಿಯಲಿಲ್ಲ. ಮನೆಯ ಪ್ಲಗ್ಗಿನ ತೂತುಗಳಿಗೆಲ್ಲ ಮುಚ್ಚಳ, ಮೇಜಿನ ಮೂಲೆಗಳಿಗೆಲ್ಲ ಸ್ಪಂಜು. ಮಗು ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುವಳು. ಬೆರಳಿನ ತಂಪಿಗೆ ಮಗು ಎದ್ದು ಅಳುವುದು. ಒಂದು ದಿನ ಅದು ಅಂಬೆಗಾಲಿಟ್ಟು ಹೋಗಿ ಬೇಸಿನ ತಂತಿಯನ್ನು ನೆಕ್ಕಿಬಿಟ್ಟಿತು. ಪುಟ್ಟ ನಾಲಿಗೆಯ ಮೇಲೆ ಕಪ್ಪು ಗೆರೆ ನೋಡಿದ್ದೇ ತಡ, ಇವಳು ನಾಲ್ಕೂ ತಂತಿ ಬಿಚ್ಚಿ, ಹಾಲಿನ ಬಾಟಲಿ ಕುದಿಸುವ ಪಾತ್ರೆಗೇ ಹಾಕಿ ಕುದಿಸಿದಳು. ಬೇಸಿನ ಮೇಲಿದ್ದ ಲೋಹವನ್ನೆಲ್ಲ ಬಿಚ್ಚಿ ಸೋಪು ಹಾಕಿ ತಿಕ್ಕಿದಳು. ಒಂದೂವರೆ ತಿಂಗಳ ಹಿಂದಿನ ಮಾತು ಅದು, ಆಮೇಲೆ ಬೇಸ್ ನುಡಿಸಿರಲೇ ಇಲ್ಲ. ಆ ದಿನಗಳಲ್ಲಿ ನಿದ್ದೆ ಎಂಬುದೇ ಇರಲಿಲ್ಲ, ಬೆಳಗ್ಗೆ ಮಾಡಿದ್ದು ಸಂಜೆಗೆ ನೆನಪಿರುತ್ತಿರಲಿಲ್ಲ.

ಮೊನ್ನೆ ಗುರುವಾರ, ಅತ್ತೆಯ ಕೈಗೆ ಮಗು ಕೊಟ್ಟು, ಹತ್ತು ತಿಂಗಳಾದ ಮೇಲೆ ಮೊದಲ ಸಲ ಅಭ್ಯಾಸಕ್ಕೆ ಹೋದಳು. ಟೈರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ, ರಬ್ಬರಿನ ಅದೇ ವಾಸನೆ. ಬೇಸನ್ನು ಕೊರಳಿಗೆ ಹಾಕಿಕೊಂಡು ಆಂಪ್ಲಿಫೈಯರಿಗೆ ಕೇಬಲ್ ಚುಚ್ಚಿದ್ದೇ ತಡ, ಗುಂಯ್ ಎಂದು ಶುರುವಾಯಿತು. ತಂತಿ ಮೀಟಿದರೆ ಸ್ವರದ ಅಂಚು ಒಡೆದು ಬರ್ ಎನ್ನುತ್ತಿತ್ತು, ಮೀಟದಿದ್ದರೆ ಗುಂಯ್.

"ಏನಮ್ಮಾ ದಪ್ಪತಂತಿ, ಜೇನುಗೂಡು ಕಟ್ಕೊಂಡು ಬಂದಿದೀಯಾ?" ಎಂದು ಡ್ರಮ್ಮಿನವನು ನಕ್ಕ.

ಬ್ಯಾಂಡನ್ನು ನಡೆಸುವವರು ಕೀಬೋರ್ಡಿನ ಮೇಷ್ಟ್ರು. ಅವರು ನಗಲಿಲ್ಲ. ಬೇಸನ್ನು ಇನ್ನೊಂದು ಆಂಪ್ಲಿಫೈಯರಿಗೆ ಚುಚ್ಚಿಸಿ ನೋಡಿದರು. ಅಲ್ಲೂ ಅದೇ. ಅರ್ಧ ಗಂಟೆ ಹಾಡನ್ನು ಎಳೆದಾಡಿ ಕೊನೆಗೆ ಕೈಯೆತ್ತಿ ನಿಲ್ಲಿಸಿದರು.

"ನೋಡಮ್ಮಾ, ಹತ್ತು ತಿಂಗಳು ನಿನ್ನ ಜಾಗ ಖಾಲಿ ಇಟ್ಟಿದೀನಿ. ಒಬ್ರು ಬಂದು ಕೇಳ್ತಾನೇ ಇದಾರೆ, ಇವತ್ತು ನಾಳೆ ಅಂತ ದೂಡ್ಕೊಂಡು ಬಂದಿದೀನಿ. ಭಾನುವಾರ ನಾಲ್ಕಕ್ಕೆ ಬಾ. ಆ ಸದ್ದು ಇರಬಾರದು. ಇದ್ರೆ ಅವರನ್ನೇ ಕರೀತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರಿನ ಮಾತಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಆ ಜಾಗ ಹೋದರೆ ಮನೆ ಬಿಟ್ಟು ಹೊರಡಲು ಇನ್ನೊಂದು ಕಾರಣ ಅವಳ ಹತ್ತಿರ ಇರಲಿಲ್ಲ. ಅದು ಹೊಳೆದದ್ದು ಮೆಟ್ಟಿಲಿಳಿಯುವಾಗ. ವಾದ್ಯದ ಅಂಗಡಿಗೆ ಫೋನು ಮಾಡಿದರೆ, "ತಂದಿಟ್ಟು ಹೋಗಿ ಮೇಡಂ, ಮುಂದಿನ ವಾರ ಬಿಚ್ಚಿ ನೋಡೋಣ" ಎಂಬ ಉತ್ತರ ಬಂತು. ಅಂದರೆ ಇನ್ನು ಮೂರು ದಿನದಲ್ಲಿ ತಾನೇ ಹುಡುಕಬೇಕು.

ಹುಡುಕುವುದು ಯಾವಾಗ? ಮಗು ಎಚ್ಚರವಿದ್ದರೆ ಬೇಸ್ ಮುಟ್ಟುವ ಹಾಗಿಲ್ಲ. ಮಗು ಮಲಗಿದರೆ ಆಂಪ್ಲಿಫೈಯರ್ ಹಚ್ಚುವ ಹಾಗಿಲ್ಲ. ಮನೆಯಲ್ಲಿದ್ದ ಸಣ್ಣ ಆಂಪ್ಲಿಫೈಯರಿನ ಹೆಡ್‌ಫೋನ್ ತೂತು ಕೆಟ್ಟು ವರ್ಷವಾಗಿತ್ತು. ಸದ್ದನ್ನು ತಗ್ಗಿಸಿದರೆ ಗುಂಯ್ ಕೇಳಿಸದು, ಏರಿಸಿದರೆ ಒಳಕೋಣೆಯ ತೊಟ್ಟಿಲು ಅಲುಗಾಡುವುದು.

ಶುಕ್ರವಾರ ಮಗು ಎರಡು ಸಲ ಮಲಗಿತು, ಒಂದು ಸಲ ಮುಕ್ಕಾಲು ಗಂಟೆ, ಇನ್ನೊಂದು ಸಲ ಇಪ್ಪತ್ತು ನಿಮಿಷ. ಮೊದಲ ನಿದ್ದೆಯಲ್ಲಿ ಆಂಪ್ಲಿಫೈಯರಿನ ಮೇಲೆ ದಪ್ಪ ಹೊದಿಕೆ ಹೊದಿಸಿ, ಅದಕ್ಕೆ ಕಿವಿ ಅಂಟಿಸಿ ಕೂತಳು. ಕೇಬಲ್ ಬದಲಾಯಿಸಿದಳು, ಗುಂಯ್ ಹೋಗಲಿಲ್ಲ. ಬೇಸಿನ ಬೆನ್ನಲ್ಲಿ ಒಂದು ಚೌಕದ ಬ್ಯಾಟರಿ ಇರುತ್ತದೆ. ಕೇಬಲ್ ಚುಚ್ಚಿಟ್ಟಿದ್ದಷ್ಟು ಹೊತ್ತೂ ಅದು ಸದ್ದಿಲ್ಲದೆ ಖಾಲಿಯಾಗುತ್ತಿರುತ್ತದೆ. ಮಗು ಅತ್ತಾಗಲೆಲ್ಲ ಇವಳು ಬೇಸನ್ನು ಇದ್ದ ಹಾಗೇ ಬಿಟ್ಟು ಓಡಿದವಳು, ಕೇಬಲ್ ಎಷ್ಟೋ ದಿನ ಹಾಗೇ ಇತ್ತು. ಹೊಸ ಬ್ಯಾಟರಿ ಹಾಕಿ ಮೀಟಿದಳು. ಸ್ವರದ ಒಡಕು ಮಾಯ! ದುಂಡಗಿನ, ತುಂಬಿದ ಸ್ವರ. ಅವಳು ಒಬ್ಬಳೇ ಬಾಯಿ ಮುಚ್ಚಿಕೊಂಡು ನಕ್ಕಳು. ಸ್ವರ ಆರಿದ ಮೇಲೆ, ಅದರ ಅಡಿಯಲ್ಲಿ ಕೂತಿದ್ದ ಗುಂಯ್ ಮತ್ತೆ ತಲೆಯೆತ್ತಿತು.

ಎರಡನೆಯ ನಿದ್ದೆಯಲ್ಲಿ ಟ್ಯೂಬ್‌ಲೈಟ್ ಆರಿಸಿದಳು, ಫ್ರಿಜ್ಜಿನ ಸ್ವಿಚ್ಚು ತೆಗೆದಳು, ಫೋನಿನ ಚಾರ್ಜರ್ ಕಿತ್ತಳು. ಗುಂಯ್ ತುಸು ಬಡವಾಯಿತು, ಸಾಯಲಿಲ್ಲ. ಬೇಸ್ ಹೊತ್ತುಕೊಂಡೇ ಒಂದು ಸುತ್ತು ತಿರುಗಿದರೆ ಗೋಡೆಯ ಕಡೆ ಹೆಚ್ಚು, ಕಿಟಕಿಯ ಕಡೆ ಕಡಿಮೆ. ಅವಳು ನಿಂತಲ್ಲೇ ತಿರುಗುತ್ತಿದ್ದುದನ್ನು ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು.

"ಹಗಲೇ ಕತ್ತಲೆ ಮಾಡ್ಕೊಂಡು ಬುಗುರಿ ಥರ ತಿರುಗ್ತಿದೀಯಲ್ಲೇ. ತಲೆ ಸುತ್ತಿ ಬಿದ್ರೆ ನಿಮ್ಮಿಬ್ರನ್ನೂ ನಾನೇ ಎತ್ಕೋಬೇಕು."

"ಸದ್ದು ಹುಡುಕ್ತಿದೀನಿ ಅತ್ತೆ. ಕೇಳಿ, ಗುಂಯ್ ಅಂತಿಲ್ವಾ?"

"ನಂಗೆ ನಿನ್ನ ಹಲಗೇಲಿ ಯಾವಾಗ್ಲೂ ಗುಂಯ್ ಅಂತಾನೇ ಕೇಳಿಸೋದು. ಹಾಡು ಯಾವುದು, ಕೆಟ್ಟಿದ್ದು ಯಾವುದು, ಒಂದೂ ಗೊತ್ತಾಗಲ್ಲಮ್ಮ. ಫ್ರಿಜ್ ಹಾಕು, ಹಾಲು ಒಡೆದೀತು."

ಹಾಲು ಎಂದದ್ದೇ ಇವಳು ಓಡಿದಳು. ಆ ದಿನ ಅಲ್ಲಿಗೆ ಮುಗಿಯಿತು. ಸಂಜೆ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಗಂಡ ಎಲ್ಲ ಕೇಳಿಸಿಕೊಂಡು, "ಹೋದ್ರೆ ಹೋಗ್ಲಿ ಬಿಡೇ. ಪಾಪು ದೊಡ್ಡದಾದ ಮೇಲೆ ನೋಡೋಣ" ಎಂದ. ಪ್ರೀತಿಯಿಂದಲೇ ಅಂದದ್ದು. ಅವಳಿಗೆ ಮಾತ್ರ ಗೋಡೆಗಳು ಒಂದೊಂದು ಗೇಣು ಒಳಕ್ಕೆ ಸರಿದ ಹಾಗೆನಿಸಿತು.

ಶನಿವಾರ ಅವಳಿಗೆ ಸೋದರಮಾವನ ನೆನಪಾಯಿತು. ಅಮ್ಮನ ತಮ್ಮ, ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನು. ಈಗ ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದ. ಜಗತ್ತಿನ ಎಲ್ಲ ಗುಂಯ್‌ಗಳನ್ನೂ ಬಲ್ಲ ಆ ಮನುಷ್ಯನಿಗೆ ಈಗ ಕಿವಿಯೇ ಕೇಳಿಸುತ್ತಿರಲಿಲ್ಲ. ಫೋನಿನಲ್ಲಿ ಅವನ ಜೊತೆ ಮಾತಾಡುವುದೆಂದರೆ ಕೂಗುವುದು. ಕೂಗಿದರೆ ಮಗು ಏಳುತ್ತದೆ. ಅದಕ್ಕೇ ಮಧ್ಯಾಹ್ನ ಮಗು ಮಲಗಿದ ಮೇಲೆ ಬೇಸು, ಆಂಪ್ಲಿಫೈಯರ್ ಎರಡನ್ನೂ ಒಳಗೆ ಹಚ್ಚಿಟ್ಟು, ಫೋನು ಹಿಡಿದು ಹೊರಗೆ ಮೆಟ್ಟಿಲ ಮೇಲೆ ನಿಂತಳು.

"ಮಾವಾ! ಗುಂಯ್ ಅಂತಿದೆ!"

"ನನ್ನ ಕಿವಿ ಮಿಷಿನ್ನಾ? ಅದು ಯಾವಾಗ್ಲೂ ಕುಂಯ್ ಅನ್ನತ್ತೆ ಬಿಡು."

"ನಿಮ್ಮದಲ್ಲಾ! ನನ್ನ ಬೇಸು!"

ಎಲ್ಲ ಕೇಳಿಸಿಕೊಂಡು ಮಾವ ಒಂದು ಪ್ರಶ್ನೆ ಕೇಳಿದ. "ತಂತಿ ಮೇಲೆ ಅಂಗೈ ಇಟ್ರೆ ನಿಲ್ಲತ್ತಾ? ನೋಡ್ಕೊಂಡು ಬಾ."

ಅವಳು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋಗಿ ತಂತಿಗಳ ಮೇಲೆ ಅಂಗೈ ಇಟ್ಟಳು. ಗುಂಯ್ ಇದ್ದ ಹಾಗೇ ಇತ್ತು. ಮತ್ತೆ ಹೊರಗೆ ಬಂದು ಕೂಗಿದಳು. "ಮುಟ್ಟಿದ್ರೂ ನಿಲ್ಲಲ್ಲ ಮಾವಾ! ಮುಂಚೆ ಕೈ ಇಟ್ರೆ ಗಪ್ಪಾಗ್ತಿತ್ತು!"

ಎದುರು ಮನೆಯ ಬಾಗಿಲು ಬೆರಳಗಲ ತೆರೆದು ಮುಚ್ಚಿಕೊಂಡಿತು.

"ಕೇಬಲ್ ಚುಚ್ತೀಯಲ್ಲ, ಅಲ್ಲಿ ಸುತ್ತ ಒಂದು ಲೋಹದ ತಟ್ಟೆ ಇರತ್ತೆ. ಅದನ್ನ ಮುಟ್ಟಿ ನೋಡು."

ಒಳಗೆ ಓಡಿ ಆ ತಟ್ಟೆಗೆ ಬೆರಳು ತಾಗಿಸಿದಳು. ಯಾರೋ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ ಗುಂಯ್ ಥಟ್ಟನೆ ನಿಂತಿತು. ಬೆರಳು ತೆಗೆದಳು, ಗುಂಯ್. ಇಟ್ಟಳು, ಮೌನ. ಆ ಮೌನದಲ್ಲಿ ಒಳಕೋಣೆಯಿಂದ ಮಗುವಿನ ಉಸಿರು ಕೇಳಿಸಿತು.

ಮತ್ತೆ ಮೆಟ್ಟಿಲಿಗೆ ಓಡಿದಳು. "ನಿಂತುಹೋಯ್ತು ಮಾವಾ!"

"ಸಿಕ್ತು ಬಿಡು. ತಂತಿಗಳ ಬಾಲ ಕಟ್ಟಿರೋ ಲೋಹ ಇದೆಯಲ್ಲ, ಏನಂತೀರಿ ಅದಕ್ಕೆ, ಬ್ರಿಡ್ಜು. ಅದರ ಕೆಳಗೊಂದು ಬರೀ ತಾಮ್ರದ ಎಳೆ ಒತ್ಕೊಂಡಿರತ್ತೆ. ಮನೇಲಿರೋ ಲೈಟು, ವೈರು, ಎಲ್ಲದರ ಗಲಾಟೇನೂ ನಿನ್ನ ಮೈ ಹಿಡ್ಕೊಳ್ಳತ್ತೆ ಕಣೇ, ಏರಿಯಲ್ ಥರ. ತಂತಿ ಮುಟ್ಟಿದ ತಕ್ಷಣ ಅದೆಲ್ಲ ಆ ಎಳೇಲಿ ಇಳಿದು ಹೋಗ್ಬೇಕು. ಇಳೀತಿಲ್ಲ. ಎಳೆ ಬಿಟ್ಟಿದೆ. ಯಾರಾದ್ರೂ ಬಿಚ್ಚಿದ್ರಾ ಅದನ್ನ?"

"ಇಲ್ಲ ಮಾವ, ಯಾರೂ..." ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು.

ಸೋಪಿನ ನೊರೆ, ಬಕೆಟ್ಟು, ಐದು ಸ್ಕ್ರೂ. ಬ್ರಿಡ್ಜ್ ತೆಗೆದಾಗ ಮರದ ತೂತಿನಿಂದ ಸೂಜಿಯ ಹಾಗೆ ಎದ್ದಿದ್ದ ಒಂದು ಎಳೆ. ಮಗುವಿನ ಬೆರಳಿಗೆ ಚುಚ್ಚೀತು ಎಂದು ಹೆದರಿ, ಗಾಯಕ್ಕೆ ಹಚ್ಚುವ ಬಿಳಿ ಬಟ್ಟೆಯ ಟೇಪನ್ನು ಎರಡು ಪದರ ಅದರ ಮೇಲೆ ಅಂಟಿಸಿ, ಮೇಲೆ ಬ್ರಿಡ್ಜ್ ಕೂರಿಸಿ ಬಿಗಿದದ್ದು. ಬ್ರಿಡ್ಜ್ ಮೇಲೆ ಕೂತರೆ ಆ ಎಳೆ ಹೇಗೂ ಹೊರಗೆ ಕಾಣುವುದಿಲ್ಲ ಎಂಬುದು ಆವತ್ತು ತಲೆಗೇ ಹೋಗಿರಲಿಲ್ಲ.

"ನಾನೇ ಮಾವ," ಎಂದಳು. ಮೆಲ್ಲಗೆ ಅಂದದ್ದರಿಂದ ಅವನಿಗೆ ಕೇಳಿಸಲಿಲ್ಲ. "ಮಾವಾ! ನಾನೇ ಆ ಎಳೆಗೆ ಟೇಪ್ ಅಂಟಿಸಿದ್ದು! ತೆಗೆದ್ರೆ ತಂತಿಗೆ ಕರೆಂಟ್ ಬರಲ್ಲ ತಾನೇ? ಪಾಪು ಮುಟ್ಟತ್ತೆ!"

"ಅದು ಬರೋ ದಾರಿ ಅಲ್ಲ ಕಣೇ, ಹೋಗೋ ದಾರಿ. ಆಂಪ್ಲಿಫೈಯರಿನ ಪ್ಲಗ್ಗಿಗೆ ಮೂರೂ ಕಡ್ಡಿ ಸರಿಯಾಗಿರಲಿ. ನುಡಿಸಿದ ಮೇಲೆ ಕೇಬಲ್ ಕಿತ್ತಿಡು. ಆಮೇಲೆ ಪಾಪು ನೆಕ್ಕಲಿ, ಕಡೀಲಿ. ನೀನು ಸಣ್ಣವಳಿದ್ದಾಗ ನನ್ನ ರೇಡಿಯೋಗಳನ್ನ ನೆಕ್ಕೇ ಬೆಳೆದವಳು."

ಅವಳು ಪ್ಲಗ್ಗಿನ ಮೂರು ಕಡ್ಡಿಗಳನ್ನು ಮೂರು ಸಲ ನೋಡಿದಳು. ಕೇಬಲ್ ಕಿತ್ತು, ಬೇಸನ್ನು ನೆಲದ ಮೇಲೆ ಹಳೆಯ ಟವೆಲಿನ ಮೇಲೆ ಮಲಗಿಸಿ ತಂತಿ ಸಡಿಲಿಸಿದಳು. ಐದು ಸ್ಕ್ರೂ ತೆಗೆದು ಪಕ್ಕಕ್ಕೆ ಸಾಲಾಗಿಟ್ಟಳು. ಬ್ರಿಡ್ಜ್ ಎತ್ತಿದರೆ ಬಿಳಿ ಟೇಪು ಅಲ್ಲೇ ಇತ್ತು, ಅಂಚು ಹಳದಿಯಾಗಿ. ಕಿತ್ತಳು. ಕೆಳಗಿನ ಎಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬ್ರಿಡ್ಜಿಗೆ ಒತ್ತುವ ಹಾಗೆ ಬಾಗಿಸಿದಳು. ಅಷ್ಟರಲ್ಲಿ ತೊಟ್ಟಿಲು ಕಿರ್ ಎಂದಿತು. ಅತ್ತೆ ಮಗುವನ್ನು ಎತ್ತಿ ತಂದು, "ಎರಡು ನಿಮಿಷ ನೋಡ್ಕೋ, ಒಲೆ ಮೇಲೆ ಸಾರು ಇಟ್ಟಿದೀನಿ" ಎಂದು ಚಾಪೆಯ ಮೇಲೆ ಕೂರಿಸಿ ಹೋದರು.

ಬ್ರಿಡ್ಜ್ ಕೂರಿಸಿ ಒಂದು ಸ್ಕ್ರೂ ಬಿಗಿದಳು. ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕೈ ಚಾಚಿದರೆ ನೆಲ ಬರಿದು.

ತಲೆಯೆತ್ತಿದಳು. ಚಾಪೆ ಬಿಟ್ಟು ಒಂದು ಮಾರು ಮುಂದೆ ಬಂದು ಕೂತಿದ್ದ ಮಗು ಬಾಯಾಡಿಸುತ್ತಿತ್ತು.

"ಅತ್ತೇ!"

ಆ ಕೂಗಿಗೆ ಅತ್ತೆ ಸೌಟು ಹಿಡಿದೇ ಓಡಿಬಂದರು. ಇವಳು ಆಗಲೇ ಮಗುವಿನ ಬಾಯಿಗೆ ಬೆರಳು ಹಾಕಿ ತಡಕಾಡುತ್ತಿದ್ದಳು. ಒಸಡು, ನಾಲಿಗೆ, ಹೊಸದಾಗಿ ಬಂದ ಎರಡು ಹಲ್ಲು. ಮಗು ಕಿರುಚಿ ಬೆರಳನ್ನು ಕಚ್ಚಿತು. ಹೊರಬಂದದ್ದು ಜೊಲ್ಲಿನಲ್ಲಿ ನೆನೆದ ಬಿಸ್ಕತ್ತಿನ ಚೂರು.

"ಸ್ಕ್ರೂ ನುಂಗಿದೆ ಅತ್ತೆ! ಐದಿತ್ತು, ನಾಲ್ಕೇ ಇದೆ! ಆಸ್ಪತ್ರೆಗೆ..."

"ತಡೀ. ಉಸಿರಾಡ್ತಿದೆ, ಅಳ್ತಿದೆ, ಕಚ್ಚೂ ಕಚ್ತು. ಮೊದಲು ಹುಡುಕು." ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡರು. ಇವಳು ಟವೆಲ್ ಕೊಡವಿದಳು, ಚಾಪೆ ಎತ್ತಿದಳು, ಮೊಣಕಾಲೂರಿ ಮಂಚದ ಕೆಳಗೆಲ್ಲ ಕೈಯಾಡಿಸಿದಳು. ಕಣ್ಣೀರಿನಲ್ಲಿ ನೆಲವೆಲ್ಲ ಸ್ಕ್ರೂಗಳಂತೆಯೇ ಕಾಣುತ್ತಿತ್ತು. ಸಾಕು, ಈ ಹಲಗೆಯೂ ಬೇಡ, ಭಾನುವಾರವೂ ಬೇಡ, ಬಾಗಿಲು ಹಾಕಿಕೊಂಡು ಮಗುವಿನ ಮುಂದೆ ಕೂತುಬಿಡುತ್ತೇನೆ ಎಂದು ಅವಳ ಒಳಗೆ ಯಾರೋ ಅಂದರು. ಆಸ್ಪತ್ರೆಗೆ ಹೊರಡಲು ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ಹಿಂದಿನಿಂದ ಅತ್ತೆಯ ದನಿ ಬಂತು.

"ಲೇ, ಇದೇನಿದು ಇಲ್ಲಿ ಅಂಟ್ಕೊಂಡಿರೋದು?"

ತಂತಿಗಳ ಕೆಳಗೆ, ಅವುಗಳ ಸದ್ದನ್ನು ಹಿಡಿಯುವ ಪಿಕಪ್ಪಿನ ಮೇಲೆ, ಐದನೆಯ ಸ್ಕ್ರೂ ಸೆಟೆದು ನಿಂತಿತ್ತು. ಪಿಕಪ್ಪಿನೊಳಗೆ ಇರುವುದೇ ಆಯಸ್ಕಾಂತ, ನಾಲ್ಕನೆಯದರ ಜೊತೆಗೇ ಎದ್ದು ಕೈಯಿಂದ ಜಾರಿದ್ದನ್ನು ಅದು ಹಿಡಿದುಕೊಂಡಿತ್ತು. ಏಳು ವರ್ಷದಿಂದ ಬಲ್ಲ ಸಂಗತಿ.

ಅವಳು ಚಪ್ಪಲಿ ಬಿಟ್ಟು ಬೇಸಿನ ಮುಂದೆ ಕೂತಳು. ನಗುವೋ ಅಳುವೋ, ಎರಡೂ ಒಟ್ಟಿಗೆ ಬಂದವು. ಅತ್ತೆ ಸ್ಕ್ರೂವನ್ನು ಎರಡು ಬೆರಳಲ್ಲಿ ಕಿತ್ತು ಅವಳ ಅಂಗೈಗೆ ಒತ್ತಿದರು.

"ತಿರುಪು. ನಾನಿಲ್ಲೇ ನಿಂತಿರ್ತೀನಿ. ಒಲೆ ಆರಿಸೇ ಬಂದೆ, ಹೆದರ್ಬೇಡ."

ಐದನೆಯದನ್ನು ಬಿಗಿದು, ತಂತಿ ಎಳೆದು ಸ್ವರ ಕೂಡಿಸಿ, ಕೇಬಲ್ ಚುಚ್ಚಿದಳು. ಮಗು ಎಚ್ಚರವಿದ್ದದ್ದರಿಂದ ಈ ಸಲ ಹೊದಿಕೆ ಇರಲಿಲ್ಲ. ಗುಂಯ್ ಎಂದಿತು. ತಂತಿಯ ಮೇಲೆ ಅಂಗೈ ಇಟ್ಟಳು. ನಿಂತಿತು.

"ಈಗ ಗೊತ್ತಾಯ್ತಾ ಅತ್ತೆ?"

"ಏನೂ ಕೇಳಿಸ್ತಿಲ್ಲ ಈಗ."

"ಅದೇ ಅತ್ತೆ, ಅದೇ!"

ಭಾನುವಾರ ಗಂಡನಿಗೆ ಡ್ಯೂಟಿ ಇತ್ತು. ಅತ್ತೆ ಮಗುವನ್ನು ಎತ್ತಿಕೊಂಡು ಜೊತೆಗೇ ಹೊರಟರು. ಒಂದು ಚೀಲದಲ್ಲಿ ನೀರು, ಬಾಟಲಿ, ಬಟ್ಟೆ, ಜ್ವರದ ಔಷಧಿ, ಗಾಯದ ಟೇಪು. ಟೈರ್ ಅಂಗಡಿಯ ಮೆಟ್ಟಿಲ ಬುಡಕ್ಕೆ ಬಂದಾಗ ಅತ್ತೆ, "ರಬ್ಬರ್ ವಾಸನೆ ಕೂಸಿಗೆ ಆಗಲ್ಲ, ನಾವು ಇಲ್ಲೇ ಗಾಳೀಲಿ ಇರ್ತೀವಿ. ನೀ ಹೋಗು" ಎಂದರು. ಅವಳು ನಾಲ್ಕು ಮೆಟ್ಟಿಲು ಹತ್ತಿ ತಿರುಗಿ ನೋಡಿದಳು, ಇನ್ನೂ ನಾಲ್ಕು ಹತ್ತಿ ಮತ್ತೆ ನೋಡಿದಳು.

ಮೇಷ್ಟ್ರು ಕೀಬೋರ್ಡ್ ಬಿಟ್ಟೆದ್ದು ಬಂದು ಆಂಪ್ಲಿಫೈಯರಿನ ಮುಂದೆ ಬಗ್ಗಿ ನಿಂತರು.

"ಕೈ ಇಡು."

ಮೌನ.

"ತೆಗಿ."

ಸಣ್ಣಗೆ, ನೊಣದಷ್ಟು, ಗುಂಯ್.

"ಇಡು. ಹಾಂ. ಇಷ್ಟೇ ತಾನೇ? ಕೈ ತೆಗೆದಾಗ ಅಷ್ಟು ಎಲ್ಲಾ ಬೇಸಲ್ಲೂ ಇರತ್ತೆ. ಹಾಡು ಮುಗಿಯೋವರೆಗೂ ತಂತಿಯಿಂದ ಕೈ ಎತ್ಬೇಡ. ನಿಧಾನದ್ದೇ ತಗೊಳ್ಳೋಣ. ಅದರಲ್ಲಿ ಮುಚ್ಚಿಡೋಕೆ ಜಾಗ ಇಲ್ಲ, ಏನಿದ್ರೂ ಗೊತ್ತಾಗತ್ತೆ."

ಆ ಹಾಡಿನಲ್ಲಿ ಬೇಸೇ ಮೊದಲು ಬರಬೇಕು. ನಾಲ್ಕು ಸ್ವರ, ಆಮೇಲೆ ಎಂಟೆಣಿಕೆಯ ಬಿಡುವು, ಮತ್ತೆ ನಾಲ್ಕು ಸ್ವರ. ಬಿಡುವಿನಲ್ಲಿ ಎರಡೂ ಕೈ ತಂತಿಗಳ ಮೇಲೆ ಹಗುರಾಗಿ ಮಲಗಿರಬೇಕು. ಎತ್ತಿದರೆ ನೊಣ ಎದ್ದುಬಿಡುತ್ತದೆ. ಮೊದಲ ಬಿಡುವು ಚೊಕ್ಕವಾಗಿ ಹೋಯಿತು. ಡ್ರಮ್ಮಿನವನು ಅವಳ ಕಡೆ ಹುಬ್ಬು ಹಾರಿಸಿದ.

ಎರಡನೆಯ ಬಿಡುವಿನಲ್ಲಿ ಕೆಳಗಿನಿಂದ ಅಳು ಕೇಳಿಸಿತು.

ಅದು ಹಸಿವಿನ ಅಳುವಲ್ಲ. ಹಸಿವಿನದಾದರೆ ಮೊದಲು ಮುಲುಗು. ಬಿದ್ದ ಅಳುವೂ ಅಲ್ಲ, ಬಿದ್ದರೆ ಮೊದಲು ಒಂದು ಕ್ಷಣ ಉಸಿರೇ ಇರುವುದಿಲ್ಲ. ಯಾವುದು ಹಾಗಾದರೆ? ಮೂರು, ನಾಲ್ಕು. ಕಾಲುಗಳು ಬಾಗಿಲಿನ ಕಡೆ ತಿರುಗಲು ಹವಣಿಸಿದವು. ಐದು, ಆರು. ಬೆರಳ ತುದಿಗಳು ತಂತಿಯ ಮೇಲೆ ಬೆವೆತವು. ಕೈ ಎತ್ತಿದರೆ ಗುಂಯ್, ಗುಂಯ್ ಎಂದರೆ ಜಾಗ ಹೋಯಿತು. ಎತ್ತದಿದ್ದರೆ ಕೆಳಗೆ ಆ ಅಳು. ಏಳು, ಎಂಟು. ಅವಳು ನಾಲ್ಕು ಸ್ವರ ನುಡಿಸಿದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ಹಾಡು ಏರಿತು, ಡ್ರಮ್ಮು ಸೇರಿಕೊಂಡಿತು, ಕೀಬೋರ್ಡು ಮೇಲೆ ಹರಡಿಕೊಂಡಿತು. ಅವಳ ಬೆರಳುಗಳು ಏಳು ವರ್ಷದ ದಾರಿ ಹಿಡಿದು ತಮ್ಮ ಪಾಡಿಗೆ ತಾವು ನಡೆದವು. ಕೋಣೆಯ ನೆಲ ಅವಳ ಪಾದದಡಿ ಅದುರಿತು.

ಕೊನೆಯ ಸ್ವರ ಆರಿದ ಮೇಲೆ ಕೋಣೆಯಲ್ಲಿ ಏನೂ ಕೇಳಿಸಲಿಲ್ಲ. ಆಂಪ್ಲಿಫೈಯರಿನಲ್ಲೂ ಇಲ್ಲ, ಕೆಳಗೂ ಇಲ್ಲ. ಅಳು ಯಾವಾಗಲೋ ನಿಂತುಹೋಗಿತ್ತು. ಯಾವಾಗ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಹೊಳೆದ ಕೂಡಲೇ ಕತ್ತು ಬಾಗಿಲಿನ ಕಡೆ ತಿರುಗಿತು.

"ಶನಿವಾರ ಐದಕ್ಕೆ ಅಭ್ಯಾಸಕ್ಕೆ ಬಂದುಬಿಡು," ಎಂದರು ಮೇಷ್ಟ್ರು. "ಒಬ್ರು ಕೇಳ್ತಿದ್ರಲ್ಲ, ಅವರಿಗೆ ಇವತ್ತೇ ಹೇಳ್ಬಿಡ್ತೀನಿ, ಜಾಗ ಇಲ್ಲ ಅಂತ. ಎಲ್ಲಿ, ಇನ್ನೊಂದು ಸಲ ಮೊದಲಿಂದ."

"ಹೂಂ," ಎಂದಳು ಅವಳು. ಕಣ್ಣು ಬಾಗಿಲ ಮೇಲಿತ್ತು. ಕೈ ತಂತಿಯ ಮೇಲೆಯೇ ಇತ್ತು.